ಬಾಗಿಲಲ್ಲಿ ಹದಿನೆಂಟು ವರ್ಷ

ಪ್ರಾರ್ಥನೆಗೆ ಕುಳಿತವನು ಗಡಿಯಾರದ ಗಂಟೆ ಯಾವಾಗ ಹೊಡೆದೀತೆಂದು ಕಿವಿಗೊಟ್ಟಿದ್ದರೆ ಅದನ್ನು ಅಭಕ್ತಿಯೆಂದು ಕರೆಯುವುದು ಲೋಕರೂಢಿ. ಆದರೆ ಕಥೋಲಿಕ ಧರ್ಮಸಭೆ ಪ್ರಾರ್ಥನೆಯ ವಿಷಯದಲ್ಲಿ ಪರಮ ಪ್ರಮಾಣವೆಂದು ಮನ್ನಿಸುವ ಒಬ್ಬ ಮಹಿಳೆಯೇ ತನ್ನ ಆತ್ಮಚರಿತ್ರೆಯಲ್ಲಿ ಈ ತಪ್ಪನ್ನು ಒಪ್ಪಿಕೊಂಡಿದ್ದಾಳೆ. ಪ್ರಾರ್ಥನೆಗೆ ಗೊತ್ತುಮಾಡಿದ ಹೊತ್ತು ಮುಗಿದರೆ ಸಾಕೆಂದು ಹಂಬಲಿಸಿದ ದಿನಗಳು ಹಲವಿದ್ದವಂತೆ. ಪ್ರಾರ್ಥನಾಲಯದೊಳಗೆ ಕಾಲಿಡುವಾಗಲೇ ಮನಸ್ಸು ಕುಗ್ಗುತ್ತಿತ್ತಂತೆ. ಆಕೆ ಸ್ಪೇನ್ ದೇಶದ ಅವಿಲಾ ಊರಿನ ಸಂತ ತೆರೇಸಾ. ಸಾಹಿತ್ಯದ ಅಧ್ಯಾಪಕನಾದ ನಾನು ಆ ಪುಸ್ತಕವನ್ನು ಇಂಗ್ಲಿಷ್ ಅನುವಾದದಲ್ಲಿ ಕೈಗೆತ್ತಿಕೊಂಡದ್ದು ಹಳೆಯ ಗದ್ಯದ ಮೇಲಿನ ಕುತೂಹಲದಿಂದ. ಕೊನೆಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗದ್ಯವಲ್ಲ, ಆ ಪ್ರಾಮಾಣಿಕತೆ.

ತೆರೇಸಾ ಹುಟ್ಟಿದ್ದು 1515ರಲ್ಲಿ. ತಂದೆ ಅಲೋನ್ಸೊ ಅನುಕೂಲಸ್ಥ. ಆದರೆ ಆ ಮನೆತನದಲ್ಲಿ ಒಂದು ಭಯ ಅಡಗಿತ್ತು. ಆಕೆಯ ಅಜ್ಜ ಟೊಲೆಡೊ ನಗರದ ವರ್ತಕ. ಯೆಹೂದ್ಯ ಮೂಲದಿಂದ ಕ್ರೈಸ್ತನಾದವನು. ಹಳೆಯ ಮತದ ಆಚರಣೆಗಳನ್ನು ಬಿಡಲಿಲ್ಲವೆಂಬ ಕಾರಣಕ್ಕೆ 1485ರಲ್ಲಿ ಧರ್ಮವಿಚಾರಣಾ ನ್ಯಾಯಪೀಠದೆದುರು ಪ್ರಾಯಶ್ಚಿತ್ತಕ್ಕೆ ಗುರಿಯಾಗಿದ್ದನು. ಅಂತರಂಗದಲ್ಲಿ ಏನಿದೆಯೆಂದು ಅಧಿಕಾರಿಗಳು ಬಗೆದು ನೋಡುತ್ತಿದ್ದ ಕಾಲ ಅದು. ಅಂತಹ ಕಾಲದಲ್ಲಿ ಅಂತರಂಗವನ್ನೇ ತನ್ನ ಕ್ಷೇತ್ರವಾಗಿ ಆರಿಸಿಕೊಂಡವಳು ಈ ಮೊಮ್ಮಗಳು.

1535ರಲ್ಲಿ, ತಂದೆಯ ಒಪ್ಪಿಗೆಯಿಲ್ಲದೆ, ಆಕೆ ಕಾರ್ಮೆಲ್ ಸಂಪ್ರದಾಯದ ಮಠವೊಂದನ್ನು ಸೇರಿದಳು. ಸ್ವಲ್ಪ ಕಾಲದಲ್ಲಿಯೇ ಕಠಿಣವಾದ ಕಾಯಿಲೆ. ಚಿಕಿತ್ಸೆಗೆ ಹೊರಟ ದಾರಿಯಲ್ಲಿ ಚಿಕ್ಕಪ್ಪನೊಬ್ಬನು ಫ್ರಾನ್ಸಿಸ್ಕೊ ದೆ ಒಸೂನ ಎಂಬ ಸನ್ಯಾಸಿ ಬರೆದ ಪುಸ್ತಕವೊಂದನ್ನು ಕೊಟ್ಟನು. ಬಾಯಿಮಾತಿನ ಜಪವನ್ನು ಮೀರಿ, ಮೌನದಲ್ಲಿ ದೇವರ ಸನ್ನಿಧಿಯನ್ನು ನೆನೆಯುವ ಧ್ಯಾನಪ್ರಾರ್ಥನೆಯನ್ನು ಕಲಿಸುವ ಪುಸ್ತಕವದು. ಕಾಯಿಲೆ ಮಾತ್ರ ಉಲ್ಬಣಿಸಿತು. 1539ರಲ್ಲಿ ನಾಲ್ಕು ದಿನ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಮಠದಲ್ಲಿ ಸಮಾಧಿಯನ್ನು ತೋಡಿಯೂ ಆಗಿತ್ತು. ಬದುಕಿಕೊಂಡಳು, ಆದರೆ ಮೈ ಸ್ವಾಧೀನಕ್ಕೆ ಬರಲು ಸುಮಾರು ಮೂರು ವರ್ಷ ಹಿಡಿಯಿತು.

ಸಾವಿನ ಬಾಯಿಂದ ಹಿಂದಿರುಗಿದವಳು ಸಹಜವಾಗಿಯೇ ದೇವರಲ್ಲಿ ಲೀನಳಾದಳೆಂದು ನಾವು ಊಹಿಸುತ್ತೇವೆ. ನಡೆದದ್ದು ಬೇರೆ. ಅಂದಿನ ಮಠದಲ್ಲಿ ನೂರಕ್ಕೂ ಮೀರಿ ಸನ್ಯಾಸಿನಿಯರಿದ್ದರು. ಸಂದರ್ಶಕರ ಕೋಣೆಯಲ್ಲಿ ಊರಿನ ಗಣ್ಯರ ಮಾತುಕತೆ. ತೆರೇಸಾ ಮಾತಿನಲ್ಲಿ ಚತುರೆ, ಎಲ್ಲರಿಗೂ ಬೇಕಾದವಳು. ಆ ಹರಟೆಯ ಸವಿಯನ್ನು ಬಿಡಲಾರದೆ, ಪ್ರಾರ್ಥನೆಯಲ್ಲಿ ದೇವರಿಗೆ ಮುಖ ಕೊಡಲಾರದೆ, ಆಕೆ ಒಂದು ತೀರ್ಮಾನಕ್ಕೆ ಬಂದಳು: ‘ಇಷ್ಟು ಅಯೋಗ್ಯಳಾದ ನನಗೆ ಧ್ಯಾನಪ್ರಾರ್ಥನೆ ಸಲ್ಲದು, ಎಲ್ಲರಂತೆ ಬಾಯಿಪಾಠದ ಪ್ರಾರ್ಥನೆಯೇ ಸಾಕು.’ ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಿಟ್ಟೇಬಿಟ್ಟಳು.

ಇಲ್ಲಿಯೇ ಆತ್ಮಚರಿತ್ರೆಯ ಅತ್ಯಂತ ಮನಕಲಕುವ ಪ್ರಸಂಗ ಬರುತ್ತದೆ. ಇದಕ್ಕೂ ಮೊದಲು ಆಕೆ ತಂದೆಗೆ ಧ್ಯಾನಪ್ರಾರ್ಥನೆಯನ್ನು ಕಲಿಸಿದ್ದಳು. ಮುದುಕನು ಅದರಲ್ಲಿ ನೆಲೆಯೂರಿದ್ದನು. ಮಗಳನ್ನು ಕಂಡಾಗಲೆಲ್ಲ ಅದೇ ಮಾತನ್ನು ಎತ್ತುತ್ತಿದ್ದನು. ಆತನಿಗೆ ಮೋಸಮಾಡಲು ಮನಸ್ಸು ಬಾರದೆ ಒಂದು ದಿನ ತೆರೇಸಾ ತಾನು ಪ್ರಾರ್ಥನೆಯನ್ನು ನಿಲ್ಲಿಸಿರುವುದಾಗಿ ಹೇಳಿದಳು. ಆದರೆ ನಿಜವಾದ ಕಾರಣವನ್ನು ಹೇಳಲಿಲ್ಲ. ಕಾಯಿಲೆಯ ನೆಪ ಕೊಟ್ಟಳು. ತಂದೆ ನಂಬಿದನು, ಮರುಗಿದನು. 1543ರಲ್ಲಿ ಆತನ ಕೊನೆಯ ದಿನಗಳಲ್ಲಿ ಶುಶ್ರೂಷೆಗೆ ನಿಂತವಳು ಈಕೆಯೇ. ತಾನು ಕಲಿಸಿದ ದಾರಿಯಲ್ಲಿ ತಂದೆ ಮುಂದೆ ಹೋಗಿದ್ದನು; ಕಲಿಸಿದವಳು ದಾರಿಯ ಬದಿಯಲ್ಲಿ ಕುಳಿತಿದ್ದಳು. ತಂದೆಯ ಮರಣಾನಂತರ, ಆತನ ಪಾಪನಿವೇದನೆಯನ್ನು ಕೇಳುತ್ತಿದ್ದ ಡೊಮಿನಿಕನ್ ಗುರುವಿನ ಸಲಹೆಯಂತೆ ಆಕೆ ಮತ್ತೆ ಪ್ರಾರ್ಥನೆಗೆ ಕುಳಿತಳು. ಆಮೇಲೆ ಬಿಡಲಿಲ್ಲ.

ಮುಂದೆ ಈ ಘಟ್ಟವನ್ನು ನೆನೆದು ತೆರೇಸಾ ಕೊಟ್ಟ ತೀರ್ಪು ವಿಚಾರಾರ್ಹವಾದುದು. ತನಗೆ ಒದಗಿದ ಪ್ರಲೋಭನೆಗಳಲ್ಲೆಲ್ಲ ಅತಿ ಭಯಂಕರವಾದದ್ದು ಆ ಹುಸಿ ವಿನಯವೇ ಎನ್ನುತ್ತಾಳೆ. ‘ನಾನು ಯೋಗ್ಯನಾದ ಮೇಲೆ ಪ್ರಾರ್ಥಿಸುತ್ತೇನೆ’ ಎನ್ನುವವನು, ಕಾಯಿಲೆ ವಾಸಿಯಾದ ಮೇಲೆ ವೈದ್ಯನಲ್ಲಿಗೆ ಹೋಗುತ್ತೇನೆ ಎಂದಂತೆ. ಹೃದಯವನ್ನು ತೆರೆಯುವುದೆಂದರೆ ಶುದ್ಧವಾದ ಮನೆಯನ್ನು ಅತಿಥಿಗೆ ತೋರಿಸುವುದಲ್ಲ. ಗುಡಿಸದ ಮನೆಯ ಕದವನ್ನೇ ನಾಚಿಕೆಯೊಡನೆ ತೆಗೆಯುವುದು.

ಕದ ತೆಗೆದೊಡನೆ ಬೆಳಕು ನುಗ್ಗಿತೆಂದೂ ಇಲ್ಲ. ದೇವರಿಗೂ ಲೋಕಕ್ಕೂ ನಡುವೆ ತಾನು ಹದಿನೆಂಟು ವರ್ಷಗಳಿಗೂ ಮಿಗಿಲಾಗಿ ಹೊಯ್ದಾಡಿದೆನೆಂದು ಆಕೆ ಲೆಕ್ಕ ಕೊಡುತ್ತಾಳೆ. ಕೈಯಲ್ಲಿ ಪುಸ್ತಕವೊಂದಿಲ್ಲದೆ ಪ್ರಾರ್ಥನೆಗೆ ಕೂರಲು ಧೈರ್ಯವಿರುತ್ತಿರಲಿಲ್ಲ. 1554ರಲ್ಲಿ, ಮೂವತ್ತೊಂಬತ್ತರ ವಯಸ್ಸಿನಲ್ಲಿ, ಮಠದಲ್ಲಿ ಹಬ್ಬಕ್ಕೆಂದು ತಂದಿರಿಸಿದ್ದ ಗಾಯಗೊಂಡ ಕ್ರಿಸ್ತನ ಪ್ರತಿಮೆಯನ್ನು ಕಂಡು ಆಕೆ ಕುಸಿದು ಕಣ್ಣೀರಿಟ್ಟಳು. ನೀನು ಬಲ ಕೊಡುವವರೆಗೆ ಏಳುವುದಿಲ್ಲವೆಂದು ಬೇಡಿದಳು. ಅದೇ ಸುಮಾರಿಗೆ ಸಂತ ಅಗಸ್ಟೀನನ ಆತ್ಮನಿವೇದನೆ ಓದಲು ಸಿಕ್ಕಿತು. ಹೊಸ ಬಾಳು ಆರಂಭವಾದದ್ದು ಅಲ್ಲಿಂದ.

ಪ್ರಾರ್ಥನೆಯ ಬೆಳವಣಿಗೆಯನ್ನು ವಿವರಿಸಲು ತೆರೇಸಾ ಬಳಸಿದ ರೂಪಕವನ್ನು ನಮ್ಮ ಬಯಲುಸೀಮೆಯ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆತ್ಮವೊಂದು ತೋಟ. ಅದಕ್ಕೆ ನೀರುಣಿಸುವ ಬಗೆ ನಾಲ್ಕು: ಬಾವಿಯಿಂದ ಸೇದಿ ಹೊಯ್ಯುವುದು ಮೊದಲನೆಯದು, ಕೊಡಗಳನ್ನು ಕಟ್ಟಿದ ಚಕ್ರವನ್ನು ತಿರುಗಿಸಿ ಎತ್ತುವುದು ಎರಡನೆಯದು, ತೊರೆಯ ನೀರನ್ನು ತೋಟಕ್ಕೆ ಹಾಯಿಸುವುದು ಮೂರನೆಯದು, ಮಳೆ ನಾಲ್ಕನೆಯದು. ಮನುಷ್ಯನ ಶ್ರಮ ಕಡಿಮೆಯಾಗುತ್ತ ಬಂದು ಕೊನೆಗೆ ಎಲ್ಲವೂ ಅನುಗ್ರಹವಾಗುತ್ತದೆ. ಬಾವಿ ಬತ್ತಿದರೆ? ಆಗಲೂ ತೋಟಗಾರನು ತನ್ನ ಕೆಲಸ ತಾನು ಮಾಡುತ್ತಿರಬೇಕು. ತೋಟ ಅವನದಲ್ಲ, ಒಡೆಯನದು. ಇದು ಹದಿನೆಂಟು ವರ್ಷ ಬರಿಗೊಡ ಎಳೆದವಳ ಮಾತು.

ಈ ನವೀಕರಣ ಒಬ್ಬಳ ಎದೆಯಲ್ಲಿಯೇ ನಿಲ್ಲಲಿಲ್ಲ. 1559ರಲ್ಲಿ ಧರ್ಮವಿಚಾರಣೆಯ ಮುಖ್ಯಾಧಿಕಾರಿ ವಾಲ್ದೇಸ್ ಹೊರಡಿಸಿದ ನಿಷೇಧಪಟ್ಟಿಯಲ್ಲಿ ದೇಶಭಾಷೆಯ ಅನೇಕ ಪ್ರಾರ್ಥನಾಗ್ರಂಥಗಳು ಸೇರಿದುವು. ಲ್ಯಾಟಿನ್ ಅರಿಯದ ಹೆಂಗಸರಿಗೆ ಓದಲು ಉಳಿದದ್ದು ಸ್ವಲ್ಪ. ಹೆಂಗಸರಿಗೆ ಧ್ಯಾನಪ್ರಾರ್ಥನೆ ಅಪಾಯವೆಂದು ನಂಬಿದ ಪಂಡಿತರೂ ಇದ್ದರು. ತೆರೇಸಾ ವಾದಕ್ಕೆ ನಿಲ್ಲಲಿಲ್ಲ. ದೇಶಭಾಷೆಯಲ್ಲಿ ತಾನೇ ಬರೆದಳು. ಕ್ರಿಸ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳುವಾಗ ಯಾರೊಡನೆ ಮಾತಾಡುತ್ತಿದ್ದೇನೆಂಬ ಅರಿವಿದ್ದರೆ ಅದೇ ಧ್ಯಾನ ಎಂದು ಸೋದರಿಯರಿಗೆ ತಿಳಿಹೇಳಿದಳು.

1562ರ ಆಗಸ್ಟ್ 24ರಂದು ಅವಿಲಾದಲ್ಲಿ ಸಂತ ಜೋಸೆಫರ ಹೆಸರಿನ ಪುಟ್ಟ ಮಠವೊಂದನ್ನು ತೆರೆದಳು. ಆರಂಭದಲ್ಲಿ ಇದ್ದವರು ನಾಲ್ವರು ನವಶಿಷ್ಯೆಯರು. ನಿತ್ಯವೂ ಎರಡು ಗಂಟೆ ಮೌನಪ್ರಾರ್ಥನೆ, ಉಳಿದಂತೆ ಕೈಕೆಲಸ. ಅಡುಗೆಮನೆಯ ಪಾತ್ರೆಗಳ ನಡುವೆಯೂ ದೇವರು ಓಡಾಡುತ್ತಾನೆಂಬುದು ಆಕೆಯ ದೃಢನಂಬಿಕೆ. ಆತ್ಮಚರಿತ್ರೆಯ ಹಸ್ತಪ್ರತಿ ಧರ್ಮವಿಚಾರಕರ ಕೈಸೇರಿದಾಗ ಎದೆಗುಂದದೆ, 1577ರಲ್ಲಿ ಟೊಲೆಡೊದಲ್ಲಿ ಕುಳಿತು ಇನ್ನೊಂದು ಗ್ರಂಥವನ್ನು ಬರೆಯಲು ಆರಂಭಿಸಿದಳು. ಅದರಲ್ಲಿ ಆತ್ಮ ಏಳು ನಿಲಯಗಳುಳ್ಳ ಸ್ಫಟಿಕದ ಕೋಟೆ, ಒಡೆಯನಿರುವುದು ನಟ್ಟನಡುವೆ, ಒಳಹೊಗುವ ಬಾಗಿಲೇ ಪ್ರಾರ್ಥನೆ. ಆಕೆ ಕಣ್ಣುಮುಚ್ಚಿದ್ದು 1582ರ ಅಕ್ಟೋಬರ್ 4ರ ರಾತ್ರಿ. ಹೊಸ ಪಂಚಾಂಗ ಜಾರಿಗೆ ಬಂದದ್ದರಿಂದ ಮರುದಿನವೇ ಅಕ್ಟೋಬರ್ 15 ಆಯಿತು. 1970ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಆಕೆಯನ್ನು ಧರ್ಮಸಭೆಯ ಆಚಾರ್ಯೆಯೆಂದು ಘೋಷಿಸಿದರು. ಸ್ತ್ರೀಯೊಬ್ಬಳಿಗೆ ಆ ಪದವಿ ಸಂದದ್ದು ಅದೇ ಮೊದಲು.

ಆ ಬಾಗಿಲ ಬೆಳಕು ನಮ್ಮ ಕರಾವಳಿಗೂ ಬಿದ್ದಿದೆ. 1870ರಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದಿಂದ ಬಂದ ಸನ್ಯಾಸಿನಿಯರು ಮಂಗಳೂರಿನಲ್ಲಿ ತೆರೇಸಾಳ ಕ್ರಮದ ಮಠವನ್ನು ಸ್ಥಾಪಿಸಿದರು. ಅವರಲ್ಲೊಬ್ಬಳು ಗಲಿಲೇಯ ಸೀಮೆಯ, ಹೆಚ್ಚು ಓದುಬರಹವಿಲ್ಲದ ಮರಿಯಂ ಬವಾರ್ದಿ. 1871ರಲ್ಲಿ ಮಂಗಳೂರಿನಲ್ಲಿಯೇ ವ್ರತಸ್ವೀಕಾರ ಮಾಡಿದಳು. ಆಕೆಯ ಅನುಭವಗಳನ್ನು ಹಿರಿಯರು ಶಂಕಿಸಿದರು. ಮರುವರ್ಷ ಪೋ ನಗರಕ್ಕೆ ಮರಳಿದಳು. 2015ರಲ್ಲಿ ಆಕೆಗೂ ಸಂತಪದವಿ ದೊರೆಯಿತು. ಶಂಕೆಯೆದುರು ಬಾಗಿಲು ಮುಚ್ಚಿಕೊಳ್ಳದಿರುವುದನ್ನು ತೆರೇಸಾಳ ಮಕ್ಕಳು ತಾಯಿಯಿಂದಲೇ ಕಲಿತಿರಬೇಕು.

ಸಂತರ ಚರಿತ್ರೆಗಳು ನಮ್ಮನ್ನು ಸಾಮಾನ್ಯವಾಗಿ ದೂರದಲ್ಲಿಯೇ ನಿಲ್ಲಿಸುತ್ತವೆ. ಈ ಚರಿತ್ರೆ ಹತ್ತಿರ ಕರೆಯುವುದಕ್ಕೆ ಕಾರಣ, ಇದರ ನಾಯಕಿ ಕಂಡ ದರ್ಶನಗಳಿಗಿಂತ ಮಿಗಿಲಾಗಿ, ಏನೂ ಕಾಣದೆ ಆಕೆ ಕುಳಿತಿದ್ದ ಗಂಟೆಗಳು. ಗಡಿಯಾರ ಹೊಡೆದರೆ ಸಾಕೆಂದು ಕಾತರಿಸಿದಳು, ನಿಜ. ಆದರೆ ಅದು ಹೊಡೆಯುವವರೆಗೆ ಎದ್ದು ಹೋಗಲಿಲ್ಲ.