ದುಡ್ಡಿಲ್ಲ ಅಂದ್ರೆ ಮುಗೀತಾ?

ಸರ್ಕಾರದ ಹತ್ತಿರ ದುಡ್ಡು ಸಾಲದೇ ಹೋದಾಗ ಶಾಲೆಯಿಂದ ಮೊದಲು ಹೊರಗುಳಿಯೋ ಮಗು ಯಾವುದು? ಓಡಾಡೋ ಮಗುವಾ, ಗಾಲಿಕುರ್ಚಿಯಲ್ಲಿ ಕೂತಿರೋ ಮಗುವಾ? ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಹಾಗಾಗಕೂಡದು ಅಂತ ಒಂದು ಕೋರ್ಟು 1972ರಲ್ಲೇ ಹೇಳಿದೆ. ಆ ಕೋರ್ಟು ಅಮೆರಿಕದ್ದು. ಪ್ರಶ್ನೆ ಮಾತ್ರ ನಮ್ಮದೂ ಹೌದು.

ಅಮೆರಿಕ ಅಂದ್ರೆ ಎಲ್ಲ ಸೌಕರ್ಯ ಮೊದಲಿನಿಂದಲೂ ಇದ್ದ ದೇಶ ಅಂದ್ಕೋತೀವಿ. ಇರಲಿಲ್ಲ ಸ್ವಾಮಿ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಒಂದು ಕಾನೂನಿತ್ತು. ಒಂದನೇ ತರಗತಿಗೆ ಸೇರೋ ಹೊತ್ತಿಗೆ ಮಗುವಿನ ಬುದ್ಧಿ ಬೆಳವಣಿಗೆ ಐದು ವರ್ಷದ ಮಟ್ಟಕ್ಕೆ ಬಂದಿಲ್ಲ ಅಂದ್ರೆ ಶಾಲೆಯವರು ಸೇರಿಸಿಕೊಳ್ಳದೇ ಇರಬಹುದಿತ್ತು. ಬೌದ್ಧಿಕ ವೈಕಲ್ಯ ಇರೋ ಮಕ್ಕಳ ಪರವಾದ ಸಂಘ ಇದರ ವಿರುದ್ಧ ಕೋರ್ಟಿಗೆ ಹೋಯ್ತು. 1954ರಲ್ಲಿ ಕಪ್ಪು ಮಕ್ಕಳನ್ನು ಬೇರೆ ಶಾಲೆಗೆ ಅಟ್ಟೋದು ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, ಅದೇ ಸಮಾನತೆ ನಮ್ಮ ಮಕ್ಕಳಿಗೆ ಯಾಕಿಲ್ಲ ಅನ್ನೋದು ಅವರ ವಾದ. ಕೊನೆಗೆ ರಾಜ್ಯ ಸರ್ಕಾರ ಮಣಿಯಿತು. ಈ ಮಕ್ಕಳಿಗೂ ಉಚಿತ ಶಿಕ್ಷಣ ಕೊಡ್ತೀವಿ ಅಂತ ಕೋರ್ಟಿನ ಮುಂದೆ ಒಪ್ಪಿಕೊಂಡಿತು.

ಅದೇ ಹೊತ್ತಿಗೆ ರಾಜಧಾನಿ ವಾಷಿಂಗ್ಟನ್‌ನಲ್ಲಿ ಏಳು ಮಕ್ಕಳ ಪರವಾಗಿ ಇನ್ನೊಂದು ಕೇಸು ನಡೀತಿತ್ತು. ಮಿಲ್ಸ್ ಪ್ರಕರಣ ಅಂತ ಅದರ ಹೆಸರು. ಅಲ್ಲಿನ ಶಿಕ್ಷಣ ಮಂಡಳಿ ಕೊಟ್ಟ ಉತ್ತರ ನಮಗೆಲ್ಲ ಚಿರಪರಿಚಿತ: ಹಣ ಇಲ್ಲ. ನ್ಯಾಯಾಧೀಶ ಜೋಸೆಫ್ ವಾಡಿ ಈ ನೆಪವನ್ನು ಒಪ್ಪಲಿಲ್ಲ. ಹಣ ಕಡಿಮೆ ಇದ್ದರೆ ಇರೋದನ್ನೇ ನ್ಯಾಯವಾಗಿ ಹಂಚಿ, ಒಂದು ಮಗುವೂ ಪೂರ್ತಿ ಹೊರಗುಳಿಯಕೂಡದು; ಕೊರತೆಯ ಹೊರೆಯನ್ನು ವಿಕಲಚೇತನ ಮಗುವಿನ ತಲೆ ಮೇಲೇ ಹೆಚ್ಚಾಗಿ ಹೊರಿಸಬೇಡಿ ಅಂದರು. ಮನೆಯಲ್ಲಿ ಅಕ್ಕಿ ಕಡಿಮೆ ಇದ್ದರೆ ಎಲ್ಲರೂ ಒಂದೊಂದು ತುತ್ತು ಕಡಿಮೆ ಉಣ್ಣಬೇಕು, ಒಬ್ಬನನ್ನೇ ಉಪವಾಸ ಕೆಡವೋದಲ್ಲ. ಇಷ್ಟೇ ಆ ತೀರ್ಪು.

ಮೂರು ವರ್ಷದಲ್ಲಿ ಇಡೀ ದೇಶಕ್ಕೇ ಕಾನೂನು ಬಂತು. 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದರು. ಆ ಕಾನೂನಿನಲ್ಲೇ ಬರೆದಿರೋ ಲೆಕ್ಕ ಕೇಳಿ: ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳು, ಅವರಲ್ಲಿ 10 ಲಕ್ಷ ಮಕ್ಕಳು ಸರ್ಕಾರಿ ಶಾಲಾ ವ್ಯವಸ್ಥೆಯಿಂದ ಪೂರ್ತಿ ಹೊರಗೆ. ಇನ್ನು ಮುಂದೆ ಪ್ರತಿ ಮಗುವಿಗೂ ಅದರದೇ ಆದ ಲಿಖಿತ ಕಲಿಕಾ ಯೋಜನೆ ಇರಬೇಕು, ಅದನ್ನು ತಯಾರಿಸುವಾಗ ಅಪ್ಪ-ಅಮ್ಮನೂ ಕೂತಿರಬೇಕು ಅಂತಾಯ್ತು. ಹೆಚ್ಚುವರಿ ಖರ್ಚಿಗಾಗಿ, ಒಂದು ಮಗುವಿನ ಸರಾಸರಿ ವೆಚ್ಚದ ಶೇ. 40ರಷ್ಟನ್ನು ಕೇಂದ್ರ ಕೊಡೋ ಗುರಿಯನ್ನೂ ಇಟ್ಟುಕೊಂಡರು. ಆ ಗುರಿ ಇವತ್ತಿಗೂ ಮುಟ್ಟಿಲ್ಲ! ಆದರೂ ಮಗುವಿನ ಹಕ್ಕು ನಿಂತಿಲ್ಲ. ಯಾಕೆ? ಹಕ್ಕು ಅಂತ ಒಂದು ಸಲ ಬರೆದ ಮೇಲೆ, ದುಡ್ಡು ಹೊಂದಿಸೋದು ಸರ್ಕಾರದ ತಲೆನೋವು.

ಈಗ ನಮ್ಮ ಕಡೆ ಬರೋಣ. ಜಾವೇದ್ ಅಬಿದಿಯಂಥ ಹೋರಾಟಗಾರರು ದೆಹಲಿಯಲ್ಲಿ ಬೀದಿಗಿಳಿದ ಮೇಲೆ, 1995ರ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತು ಅಂಗವಿಕಲರ ಕಾಯ್ದೆ ಪಾಸು ಮಾಡಿತು. ಅದರ 26ನೇ ಸೆಕ್ಷನ್ ಪ್ರಕಾರ ಪ್ರತಿ ಅಂಗವಿಕಲ ಮಗುವಿಗೂ 18 ವರ್ಷದವರೆಗೆ ಉಚಿತ ಶಿಕ್ಷಣ. ಭೇಷ್ ಅನ್ನಬೇಕು. ಆದರೆ 46ನೇ ಸೆಕ್ಷನ್‌ಗೆ ಬನ್ನಿ. ಸಾರ್ವಜನಿಕ ಕಟ್ಟಡಕ್ಕೆ ರ‍್ಯಾಂಪು, ಗಾಲಿಕುರ್ಚಿ ಹೋಗೋ ಶೌಚಾಲಯ ಎಲ್ಲ ಮಾಡಬೇಕು, ಆದರೆ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ! ಅಂದ್ರೆ ಏನಾಯ್ತು? ಪಾಠ ಕೇಳೋದು ನಿನ್ನ ಹಕ್ಕು ಮಗೂ, ಮೆಟ್ಟಿಲು ಹತ್ತೋದು ನಮ್ಮ ಖಜಾನೆ ನೋಡಿಕೊಂಡು. ವಾಷಿಂಗ್ಟನ್‌ನ ಕೋರ್ಟು ಮುಚ್ಚಿದ್ದ ಬಾಗಿಲನ್ನು ಇಪ್ಪತ್ಮೂರು ವರ್ಷದ ನಂತರ ನಮ್ಮ ಕಾಯ್ದೆ ತೆರೆದಿಟ್ಟುಕೊಂಡಿತು.

ಇದನ್ನು ಸರಿ ಮಾಡೋಕೆ ಇನ್ನೂ 21 ವರ್ಷ ಬೇಕಾಯ್ತು. 2016ರ ಹೊಸ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರೋ 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ತನ್ನ ಆಯ್ಕೆಯಂತೆ ಉಚಿತವಾಗಿ ಓದಬಹುದು. ಈಗಿರೋ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದೊಳಗೆ ಸುಗಮ ಮಾಡಬೇಕು. ನಿಯಮ ಬಂದಿದ್ದು 2017ರಲ್ಲಿ. ಗಡುವು 2022ಕ್ಕೇ ಮುಗೀತು. ನಿಮ್ಮೂರ ಶಾಲೆ ಒಮ್ಮೆ ನೋಡಿಕೊಂಡು ಬನ್ನಿ.

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಒಂದು ಸಣ್ಣ ಲೆಕ್ಕ. ರ‍್ಯಾಂಪಿನ ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕು. ಶಾಲೆಯ ಜಗಲಿ ಒಂದೂವರೆ ಅಡಿ ಎತ್ತರ ಇದ್ದರೆ ರ‍್ಯಾಂಪು 18 ಅಡಿ ಉದ್ದ ಬೇಕು. ಆರು ಅಡಿಯಲ್ಲಿ ಸಿಮೆಂಟು ಮೆತ್ತಿ ಬಿಲ್ ಮಾಡಿದರೆ ಅದು ರ‍್ಯಾಂಪಲ್ಲ, ಜಾರುಬಂಡೆ. ಕಾನೂನು ಕಾಗದದಲ್ಲಿ ಪಾಲನೆ ಆಯ್ತು, ಮಗು ಮಾತ್ರ ಕೆಳಗೇ ಉಳೀತು.

ರ‍್ಯಾಂಪು ಹತ್ತಿ ಒಳಗೆ ಹೋದ ಮೇಲೆ ಕಲಿಸೋರು ಬೇಡವಾ? ವಿಶೇಷ ಶಿಕ್ಷಕರ ಕೊರತೆ ಸುಪ್ರೀಂ ಕೋರ್ಟಿನವರೆಗೂ ಹೋಯ್ತು. 2021ರ ಅಕ್ಟೋಬರ್‌ನಲ್ಲಿ ಕೋರ್ಟು ಅಳತೆ ಹಾಕಿಕೊಟ್ಟಿತು: ಇಂಥ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಇರಬೇಕು. ಈಗ ಯಾರೂ ಇದು ಗೊತ್ತಿಲ್ಲ ಅನ್ನೋ ಹಾಗಿಲ್ಲ.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಎರಡೇ ಎರಡು ಪ್ರಶ್ನೆ ಕೇಳಿ. ನಮ್ಮ ಶಾಲೆಯ ರ‍್ಯಾಂಪು ಎಷ್ಟು ಅಡಿ ಇದೆ? ವಿಶೇಷ ಶಿಕ್ಷಕರು ಕೊನೆಯ ಸಲ ಬಂದಿದ್ದು ಯಾವಾಗ? ಅನುದಾನ ಬಂದಿಲ್ಲ ಅಂತ ಉತ್ತರ ಬಂದರೆ ತಲೆಯಾಡಿಸಿ ಎದ್ದು ಬರಬೇಡಿ. ಅನುದಾನ ಕಡಿಮೆಯಾದಾಗ ಆಚೆ ಉಳಿದ ಮಗು ಯಾರದು ಅಂತ ಕೇಳಿ. ಹೆಸರು ಹಿಡಿದು ಕೇಳಿ.