‘ಬಂಧನ’ದ ಪದವಿಚಾರ ಮತ್ತು ಪರಪ್ಪನ ಅಗ್ರಹಾರ

ಸೆರೆಯನ್ನು ಸೂಚಿಸುವ ಕನ್ನಡ ಪದಗಳು ಆಯಾ ಕಾಲದ ಆಡಳಿತದ ಮುದ್ರೆಯನ್ನು ಹೊತ್ತಿವೆ. ‘ಬಂಧನ’, ‘ಕಾರಾಗೃಹ’ ಸಂಸ್ಕೃತದಿಂದ ಬಂದವು. ಕೈಹಿಡಿಯುವುದೆಂಬ ಅರ್ಥದ ‘ದಸ್ತಗಿರಿ’ ಪಾರಸಿ ಮೂಲದ್ದು. ಸಂವಿಧಾನದ 22ನೆಯ ವಿಧಿಯಂತೆ ದಸ್ತಗಿರಿಯಾದವರನ್ನು ಸಾಮಾನ್ಯವಾಗಿ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅನಂತರದ ‘ನ್ಯಾಯಾಂಗ ಬಂಧನ’ವು ಶಿಕ್ಷೆಯಲ್ಲ, ಶಿಕ್ಷೆಯು ಅಪರಾಧ ಸಾಬೀತಾದ ಬಳಿಕದ್ದು.

ಇಂತಹುದೇ ಭೇದವು ಜಪಾನಿನ ಕಾನೂನಿನಲ್ಲಿಯೂ ಉಂಟು. ಅಲ್ಲಿ ‘ಕೋರ್ಯೂ’ ಎಂಬ ಒಂದೇ ಉಚ್ಚಾರಣೆಗೆ ಎರಡು ಬರಹರೂಪಗಳಿವೆ. ಒಂದು ತೀರ್ಪಿಗೆ ಮುಂಚಿನ ಬಂಧನ. ಇನ್ನೊಂದು 30 ದಿನಗಳಿಗಿಂತ ಕಡಿಮೆ ಅವಧಿಯ ಶಿಕ್ಷೆ. ಕಿವಿಗೆ ಒಂದಾದುದನ್ನು ಲಿಪಿಯು ಬೇರ್ಪಡಿಸುತ್ತದೆ.

ಬೆಂಗಳೂರಿನಲ್ಲಿ ನಡೆದುದು ಇದಕ್ಕೆ ವಿಲೋಮ. 2000ನೆಯ ಇಸವಿಯಲ್ಲಿ ಕೇಂದ್ರ ಕಾರಾಗೃಹವು, ಇಂದು ಫ್ರೀಡಂ ಪಾರ್ಕ್ ಇರುವ ಹಳೆಯ ನೆಲೆಯಿಂದ, ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡಿತು. ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಊರು ಎಂಬ ಅರ್ಥದ ‘ಅಗ್ರಹಾರ’ವನ್ನೊಳಗೊಂಡ ಈ ಊರ ಹೆಸರು ಜನರ ಬಾಯಲ್ಲಿ ಸೆರೆಮನೆಗೇ ಪರ್ಯಾಯವಾಯಿತು. ‘ಪರಪ್ಪನ ಅಗ್ರಹಾರ ಸೇರಿದ’ ಎಂಬ ಮಾತಿನಲ್ಲಿ ವಿಚಾರಣಾಧೀನ ಕೈದಿಗೂ ಶಿಕ್ಷಾಬಂದಿಗೂ ಭೇದವಿಲ್ಲ. ಕಾನೂನು ಬೇರ್ಪಡಿಸಿದುದನ್ನು ಆಡುಮಾತು ಒಂದುಗೂಡಿಸಿದೆ. ಮುಂದೆ ಖುಲಾಸೆಯಾದವನಿಗೂ ಆ ಮಾತು ಅಂಟಿಯೇ ಇರುತ್ತದೆ. ಈ ಹೊಸ ಅರ್ಥವನ್ನು ದಾಖಲಿಸುವವರು ಅದು ಅಳಿಸಿಹಾಕಿದ ಭೇದವನ್ನೂ ದಾಖಲಿಸುವುದು ಅಗತ್ಯ.