ಕೋಲಿ, ಶೆಫರ್ಡ್ ಮರಿ ಮನೆಗೆ ತಂದಿದ್ದೀರಾ? ಉಣ್ಣಿಗೆ ಐವರ್ಮೆಕ್ಟಿನ್ ಕೊಡುವ ಮುನ್ನ ಇದನ್ನು ಓದಿ

ನಾಯಿಗೆ ಉಣ್ಣಿ ಹಿಡಿದರೆ ಡಾಕ್ಟರ್ ಹತ್ತಿರ ಹೋಗಬೇಕಿಲ್ಲ, ಮೆಡಿಕಲ್ ಶಾಪ್‌ನಲ್ಲಿ ಸಿಗುವ ಐವರ್ಮೆಕ್ಟಿನ್ ಮಾತ್ರೆ ಅರ್ಧ ಕೊಟ್ಟರೆ ಸಾಕು. ಇಂಥ ಸಲಹೆ ನಿಮಗೂ ಯಾರಾದರೂ ಕೊಟ್ಟಿರಬಹುದು. ಎಷ್ಟೋ ನಾಯಿಗಳಿಗೆ ಕೊಟ್ಟು ಏನೂ ಆಗಿಲ್ಲ ಎನ್ನುವ ಅನುಭವವೂ ಜೊತೆಗೆ ಬರುತ್ತದೆ. ಆದರೆ ನೀವು ತಂದಿರುವುದು ಕುರಿ ಹಿಂಡು ತಿರುಗಿಸಲು ಬೆಳೆಸಿದ ತಳಿಯ ಮರಿಯಾಗಿದ್ದರೆ ಆ ಅರ್ಧ ಮಾತ್ರೆ ಅದರ ಜೀವ ತೆಗೆಯಬಹುದು.

ಏಕೆ ಹೀಗೆ?

ನಾಯಿಯ ಮೆದುಳಿನ ರಕ್ತನಾಳಗಳಲ್ಲಿ ಒಂದು ಬಗೆಯ ಪಂಪ್ ಇರುತ್ತದೆ. ಅದೊಂದು ಪ್ರೋಟೀನ್, ಹೆಸರು ಪಿ-ಗ್ಲೈಕೋಪ್ರೋಟೀನ್. ಮೆದುಳಿನೊಳಗೆ ನುಸುಳಲು ಹೊರಟ ಕೆಲವು ಔಷಧಿಗಳನ್ನು ಹಿಂದಕ್ಕೆ ತಳ್ಳುವುದು ಅದರ ಕೆಲಸ. ಈ ಪಂಪ್ ತಯಾರಿಸುವ ಎಂಡಿಆರ್1 ಜೀನ್‌ನಲ್ಲಿ ಕೆಲವು ತಳಿಗಳಿಗೆ ಹುಟ್ಟಿನಿಂದಲೇ ದೋಷವಿದೆ. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ದೋಷವನ್ನು ಗುರುತಿಸಿದರು. ಜೀನ್‌ನಲ್ಲಿ ಕೇವಲ ನಾಲ್ಕು ಅಕ್ಷರ ಕಳೆದುಹೋಗಿರುತ್ತವೆ, ಅಷ್ಟೇ. ಪಂಪ್ ಕೆಲಸ ಮಾಡದ ಕಾರಣ ಐವರ್ಮೆಕ್ಟಿನ್ ನೇರವಾಗಿ ಮೆದುಳು ಸೇರುತ್ತದೆ.

ಅದೇ ವಿಶ್ವವಿದ್ಯಾಲಯದ ಅಂಕಿಗಳ ಪ್ರಕಾರ ಕೋಲಿ ತಳಿಯಲ್ಲಿ ಸುಮಾರು 70%, ಆಸ್ಟ್ರೇಲಿಯನ್ ಶೆಫರ್ಡ್‌ನಲ್ಲಿ ಸುಮಾರು 50%, ಜರ್ಮನ್ ಶೆಫರ್ಡ್‌ನಲ್ಲಿ ಸುಮಾರು 10% ನಾಯಿಗಳಲ್ಲಿ ಈ ದೋಷ ಇದೆ. ಈಗ ಅಪಾರ್ಟ್‌ಮೆಂಟ್‌ಗಳಲ್ಲೂ ಕಾಣುವ ಬಾರ್ಡರ್ ಕೋಲಿಯಲ್ಲಿ 5%ಗಿಂತ ಕಡಿಮೆ. ಹಾಗಾಗಿ ‘ಪಕ್ಕದ ಮನೆಯ ಶೆಫರ್ಡ್‌ಗೆ ಏನೂ ಆಗಲಿಲ್ಲ’ ಎನ್ನುವ ಮಾತು ನಿಜವೇ ಇರಬಹುದು. ಆದರೆ ನಿಮ್ಮ ಮರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬಣ್ಣ ಅಥವಾ ಬಿಳಿ ಪಾದ ನೋಡಿಯೂ ತಿಳಿಯುವುದಿಲ್ಲ. ಮಿಶ್ರತಳಿಗೂ ಈ ದೋಷ ಬರುತ್ತದೆ.

ಲೆಕ್ಕ ಹಾಕಿ ನೋಡೋಣ

ದೋಷವಿರುವ ನಾಯಿಗಳಲ್ಲಿ ಒಂದು ಕೆಜಿ ತೂಕಕ್ಕೆ ಸುಮಾರು 100 ಮೈಕ್ರೋಗ್ರಾಂ ಐವರ್ಮೆಕ್ಟಿನ್‌ನಿಂದಲೇ ವಿಷಬಾಧೆ ಶುರುವಾಗಬಹುದು. ಮನುಷ್ಯರಿಗೆಂದು ಮಾರುವ ಮಾತ್ರೆಗಳಲ್ಲಿ 12 ಮಿಲಿಗ್ರಾಂನದೂ ಇದೆ. ಅದರ ಅರ್ಧವನ್ನು 6 ಕೆಜಿ ಮರಿಗೆ ಕೊಟ್ಟರೆ ಕೆಜಿಗೆ 1000 ಮೈಕ್ರೋಗ್ರಾಂ ಆಯಿತು. ಹತ್ತು ಪಟ್ಟು! ದನಗಳಿಗೆ ಕೊಡುವ ಇಂಜೆಕ್ಷನ್ ಇನ್ನೂ ಅಪಾಯಕಾರಿ, ಒಂದು ಮಿಲಿಲೀಟರ್‌ನಲ್ಲೇ 10 ಮಿಲಿಗ್ರಾಂ ಇರುತ್ತದೆ.

ಹಾಗೆಂದು ಐವರ್ಮೆಕ್ಟಿನ್ ಕೆಟ್ಟ ಔಷಧಿಯಲ್ಲ. ಅದನ್ನು ಕಂಡುಹಿಡಿಯಲು ಕಾರಣರಾದ ವಿಜ್ಞಾನಿಗಳಿಗೆ 2015ರಲ್ಲಿ ನೊಬೆಲ್ ಬಂದಿದೆ (ಕೋವಿಡ್ ಕಾಲದ ಫಾರ್ವರ್ಡ್‌ಗಳಲ್ಲಿ ಮೆರೆದದ್ದು ಬೇರೆ ಕಥೆ). ನಾಯಿಗಳ ಹೃದಯಹುಳು ತಡೆಯಲು ಕೊಡುವ ಮಾತ್ರೆಯಲ್ಲೂ ಇದೇ ಇರುತ್ತದೆ. ಅಲ್ಲಿನ ಪ್ರಮಾಣ ಕೆಜಿಗೆ 6 ಮೈಕ್ರೋಗ್ರಾಂ ಮಾತ್ರ, ಹಾಗಾಗಿ ದೋಷವಿರುವ ನಾಯಿಗಳೂ ತಡೆದುಕೊಳ್ಳುತ್ತವೆ.

ತೂರಾಡುತ್ತಾ ನಡೆಯುವುದು, ಜೊಲ್ಲು ಸುರಿಸುವುದು, ಕಣ್ಣಿನ ಪಾಪೆ ಹಿಗ್ಗುವುದು, ಕಣ್ಣು ಕಾಣದಂತೆ ಗೋಡೆಗೆ ಡಿಕ್ಕಿ ಹೊಡೆಯುವುದು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಇದಕ್ಕೆಂದೇ ಪ್ರತಿವಿಷ ಇಲ್ಲ. ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ. ಕೊಟ್ಟ ಔಷಧಿಯ ಸ್ಟ್ರಿಪ್ ಜೊತೆಗಿರಲಿ.

ಇನ್ನೊಂದು ವಿಷಯ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಮರಿಗೆ ಭೇದಿ ಆದಾಗ ಮನೆಯಲ್ಲಿರುವ ಲೋಪೆರಮೈಡ್ ಮಾತ್ರೆ ಕೊಡುವವರಿದ್ದಾರೆ. ಈ ತಳಿಗಳಿಗೆ ಅದೂ ಇದೇ ಕಾರಣಕ್ಕೆ ವಿಷ. ಹಳ್ಳಿಯಲ್ಲಿದ್ದರೆ, ಐವರ್ಮೆಕ್ಟಿನ್ ಕೊಟ್ಟ ಕುರಿ, ಕುದುರೆಗಳ ಹಿಕ್ಕೆ, ಲದ್ದಿಗೂ ಮರಿ ಬಾಯಿ ಹಾಕದಂತೆ ನೋಡಿಕೊಳ್ಳಿ.

ಹಾಗಾದರೆ ಉಣ್ಣಿಗೆ ಏನು ಮಾಡುವುದು? ಫ್ಲೂರಾಲನರ್‌ನಂಥ ಮಾತ್ರೆಗಳನ್ನು ಎಂಡಿಆರ್1 ದೋಷವಿರುವ ಕೋಲಿಗಳ ಮೇಲೇ ಪರೀಕ್ಷಿಸಲಾಗಿದೆ. ಮರಿಯ ವಯಸ್ಸು, ತೂಕ ನೋಡಿ ಯಾವುದು ಸರಿ ಎಂದು ಪಶುವೈದ್ಯರು ಹೇಳುತ್ತಾರೆ. ಕೆನ್ನೆಯ ಒಳಭಾಗ ಉಜ್ಜಿ ತೆಗೆದ ಮಾದರಿಯಿಂದ ಜೀನ್ ಪರೀಕ್ಷೆ ಮಾಡಿಸಬಹುದು. ಜೀವಮಾನಕ್ಕೆ ಒಮ್ಮೆ ಸಾಕು.

ಮಕ್ಕಳ ಹಿಮ್ಮಡಿ ಕಚ್ಚುತ್ತಿದೆಯೇ?

ಅದು ಹುಚ್ಚೂ ಅಲ್ಲ, ಕೆಟ್ಟ ಬುದ್ಧಿಯೂ ಅಲ್ಲ. ನಮ್ಮ ಕುರಿಗಾಹಿಗಳ ನಾಯಿಗಳು ಹೆಚ್ಚಾಗಿ ಮಂದೆಯನ್ನು ತೋಳ, ಕಳ್ಳರಿಂದ ಕಾಯುತ್ತವೆ. ಕೋಲಿಗಳ ಕೆಲಸ ಬೇರೆ. ದಿಟ್ಟಿಸಿ ನೋಡಿ, ಬೆನ್ನಟ್ಟಿ, ಬೇಕಾದರೆ ಕಾಲು ಕಚ್ಚಿ ಹಿಂಡನ್ನು ತಿರುಗಿಸುವುದು. ಕುರಿ ಇಲ್ಲದ ಮನೆಯಲ್ಲಿ ಓಡುವ ಮಗುವೇ ಕುರಿ. ಹೊಡೆದರೆ ಮರಿ ಹೆದರುತ್ತದೆಯೇ ಹೊರತು ಕಲಿಯುವುದಿಲ್ಲ. ಮಗು ನಿಂತುಬಿಡಲಿ, ಮರಿಯ ಬಾಯಿಗೆ ಆಟಿಕೆ ಕೊಡಿ.

ಆದರೆ ‘ಹಾಲುಹಲ್ಲಿಗೆ ವಿಷವಿಲ್ಲ, ಇಂಜೆಕ್ಷನ್ ಬೇಡ’ ಎನ್ನುವುದು ಪೂರ್ತಿ ಸುಳ್ಳು. ರೇಬೀಸ್ ಮರಿಗಳಿಗೂ ಬರುತ್ತದೆ. ಮರಿಗೆ ರೇಬೀಸ್ ಲಸಿಕೆ ಹಾಕಿಸುವುದು ಸಾಮಾನ್ಯವಾಗಿ ಮೂರು ತಿಂಗಳಿಗೆ, ಅಲ್ಲಿಯವರೆಗೆ ಅದಕ್ಕೆ ರಕ್ಷಣೆ ಇಲ್ಲ. ಚರ್ಮ ತರಚಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಲಸಿಕೆ ಬೇಕೇ ಬೇಡವೇ ಎಂದು ವೈದ್ಯರೇ ಹೇಳಲಿ.